ಉಗ್ರಾಣದ ಬೀಗದ ಕೈ

ಮೈಸೂರು, ೫ನೆಯ ಮೇ ೧೯೪೧

ತಮ್ಮನ ಮನೆ ಬೆಳಗುವ ಶಾಂತಕುಮಾರಿಗೆ ಆಶೀರ್ವಾದ.

ಕೋಣೆ ಸಿಕ್ಕಿದೆ, ಲಿಂಗಪೂಜೆಗೆ ಮೂಲೆಯೂ ಇದೆ. ವಿಶ್ವವಿದ್ಯಾಲಯದ ಬೇಸಗೆ ತರಗತಿ ಮುಗಿಸಿ ಸಂಜೆ ಊರು ನೋಡಲು ಹೊರಡುತ್ತೇನೆ. ಕುಕ್ಕರಹಳ್ಳಿ ಕೆರೆಯ ಏರಿ ತಲುಪುವಷ್ಟರಲ್ಲಿ ಒಲೆ ಹಚ್ಚುವ ಹೊತ್ತಾಯಿತೆನಿಸಿ, ದಣಿದು ತಿರುಗಿಬಿಡುತ್ತೇನೆ. ಇಲ್ಲಿ ನನಗೆ ಒಲೆಯೇ ಇಲ್ಲ.

ನಿನ್ನೆ ಮನೆಯೊಡತಿ ಬಸವಲಿಂಗಮ್ಮ ನಕ್ಕರು: "ಉಗ್ರಾಣನೆಲ್ಲ ಸೊಂಟಕ್ಕೆ ಸಿಗಿಸ್ಕಂಡು ಅದ್ಯಾವ ಊರು ನೋಡೀರವ್ವಾ?"

ಅಮ್ಮ ಹೋದಂದಿನಿಂದ ಸೊಂಟ ಬಿಟ್ಟಿಳಿಯದ ಬೀಗದ ಕೈಗೊಂಚಲು ನನ್ನೊಂದಿಗೇ ಬಂದುಬಿಟ್ಟಿದೆ. ಅಕ್ಕಿಬೇಳೆಗೆ ಎಷ್ಟು ಪರದಾಡಿದೆಯೋ, ಮನ್ನಿಸು.

ನಾಳೆ ಹೊಳೆನರಸೀಪುರಕ್ಕೆ ಹೊರಡುವ ಪಂಚಾಕ್ಷರಯ್ಯನವರ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನೇ ಸೊಂಟಕ್ಕೆ ಸಿಕ್ಕಿಸಿಕೋ. ತರಗತಿ ಮುಗಿದು ನಾನು ಬಂದಾಗ ಹಿಂದಕ್ಕೆ ಕೊಡಬೇಡ.

ನಿನ್ನ ಅತ್ತಿಗೆ,
ನೀಲಗಂಗಮ್ಮ