ಪೂವಮ್ಮನವರ ಬ್ಯಾಟರಿ ಗಾಡಿ

ಶ್ರೀಮಂಗಲ,
ತಾ. ೧೪–೧೧–೧೯೬೧

ಪ್ರೀತಿಯ ತಮ್ಮ ಮೊಣ್ಣಪ್ಪನಿಗೆ,

ಹೇಗಿದ್ದೀಯಪ್ಪ? ಮಂಗಳೂರಿನ ಸೆಕೆಗೆ ನಿನ್ನ ಮೈಮೇಲೆಲ್ಲ ಬೊಕ್ಕೆ ಎದ್ದಿದೆ ಎಂದು ಅಲ್ಲಿಂದ ಬಂದ ಲಾರಿ ಡ್ರೈವರ್ ಹೇಳಿದ. ಈಗ ವಾಸಿಯಾಯಿತೇ? ಬಸ್ ಕಂಪನಿಯ ಶೆಡ್ಡಿನಲ್ಲೇ ಮಲಗುತ್ತೀಯಂತೆ. ಊಟ ಎಲ್ಲಿ ಮಾಡುತ್ತೀ? ನಿನ್ನ ಅತ್ತಿಗೆ ಯಮುನ ದಿನವೂ ಇದನ್ನೇ ಕೇಳುತ್ತಾಳೆ. ನನಗೆ ಗೊತ್ತಿದ್ದರೆ ತಾನೇ ಹೇಳುವುದು! ಇಲ್ಲಿ ನಾವು ಆರೋಗ್ಯವಾಗಿದ್ದೇವೆ, ಅವ್ವನ ಕೆಮ್ಮು ಕಡಿಮೆಯಾಗಿದೆ. ನೀನು ಹೋಗಿ ಎಂಟು ತಿಂಗಳಾಯಿತು. ನಾಲ್ಕು ಸಲ ಕಾಗದ ಬರೆಯಲು ಕೂತು ಹರಿದುಹಾಕಿದೆ.

ಇವತ್ತು ಹರಿಯುವುದಿಲ್ಲ. ನಿನ್ನೆ ಬೆಳಿಗ್ಗೆ ಎಸ್ಟೇಟಿನ ಧಣಿ ಉತ್ತಯ್ಯನವರು ಎಂಜಿನ್ ಮನೆಗೆ ಬಂದು, "ಸಾಂತಪ್ಪ, ಆ ಗಾಡಿಯನ್ನು ಬಿಚ್ಚಿ ಗುಜರಿಗೆ ಹಾಕು, ಅಮ್ಮ ಹೋದ ಮೇಲೆ ನನಗೆ ಅದನ್ನು ನೋಡೋಕಾಗಲ್ಲ" ಎಂದರು. ನಿನಗೂ ಆ ಗಾಡಿ ಕಣ್ಣಿಗೆ ಕಟ್ಟಿದಂತಿರಬೇಕು. ಕ್ಲಬ್ಬಿನಲ್ಲಿ ಗಾಲ್ಫ್ ಆಡಲು ಹಿಂದಿನ ಮಾಲೀಕ ಕುಂಟು ದೊರೆ ಅಮೆರಿಕದಿಂದ ತರಿಸಿ, ಎಸ್ಟೇಟನ್ನು ಇವರಿಗೆ ಮಾರಿ ಹೋಗುವಾಗ ಇಲ್ಲೇ ಬಿಟ್ಟುಹೋದದ್ದು. ಕಾಲಿನ ಸ್ವಾಧೀನ ತಪ್ಪಿದ್ದ ಉತ್ತಯ್ಯನವರ ತಾಯಿ ಪೂವಮ್ಮನವರನ್ನು ಅದರಲ್ಲಿ ಕೂರಿಸಿಕೊಂಡು ನೀನು ತೋಟವೆಲ್ಲ ಸುತ್ತಿಸುತ್ತಿದ್ದೆ. "ನನ್ನ ಎರಡು ಕಾಲು ಇವನೇ" ಎಂದು ಅವರು ಬಂದವರಿಗೆಲ್ಲ ನಿನ್ನನ್ನು ತೋರಿಸುತ್ತಿದ್ದರು. ಅಣ್ಣನಾದ ನನಗೆ ಅದು ಹೆಮ್ಮೆಯಾಗಬೇಕಿತ್ತು. ಸ್ವಲ್ಪ ಹೊಟ್ಟೆಯೂ ಉರಿಯುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಬಿಚ್ಚುವ ಮುಂಚೆ ಬ್ಯಾಟರಿಗಳನ್ನು ಚಾರ್ಜ್ ಮಾಡಿ, ಕರೆಂಟು ನೋಡಲು ಅವಕ್ಕೆ ಬಲ್ಬ್ ಹಿಡಿದೆ. ಚೆನ್ನಾಗಿ ಉರಿಯಿತು. ಹಿಡಿದುಕೊಂಡೇ ಕಾಲಿನಿಂದ ಪೆಡಲ್ ಒತ್ತಿದೆ, ಬಲ್ಬ್ ಸತ್ತೇಹೋಯಿತು. ಕಾಲು ತೆಗೆದರೆ ಮತ್ತೆ ಉರಿಯಿತು. ಬಲ್ಬಿಗೆ ಸಾಕಾಗುವ ಕರೆಂಟು ಮೋಟಾರಿಗೆ ಸಾಲುತ್ತಿಲ್ಲ, ನಡುವೆ ಎಲ್ಲೋ ದಾರಿ ಕಟ್ಟಿದೆ ಎಂದಾಯಿತು. ಸೀಟಿನ ಹಲಗೆ ಎತ್ತಿ ಒಂದೊಂದೇ ವಯರನ್ನು ಬಗ್ಗಿಸಿ ನೋಡಿದೆ. ಮೂರನೆಯ ಬ್ಯಾಟರಿಯಿಂದ ನಾಲ್ಕನೆಯದಕ್ಕೆ ಹೋಗುವ ವಯರು ಹೊರಗೆ ನೆಟ್ಟಗಿತ್ತು. ರಬ್ಬರ್ ಸೀಳಿದರೆ ಒಳಗಿನ ತಾಮ್ರವೆಲ್ಲ ಹಸಿರು ಪುಡಿ, ನಾಲ್ಕೈದು ಎಳೆ ಮಾತ್ರ ಉಳಿದಿತ್ತು. ಬೇರೆ ವಯರು ಹಾಕಿ ಪೆಡಲ್ ಒತ್ತಿದೆ. ಗಾಡಿ ಹೊರಟಿತು ಮೊಣ್ಣ. ಎಂಜಿನ್ ಮನೆಯ ಬಾಗಿಲು ದಾಟಿ, ಕಾಫಿ ಕಣದ ತನಕ ಹೋಯಿತು. ಅಲ್ಲಿ ಇಳಿದು ಕಲ್ಲಿನ ಮೇಲೆ ಕೂತುಬಿಟ್ಟೆ.

ನೀನು ಹೋದ ದಿನ ನೆನಪಾಯಿತು. ಹೂಮಳೆ ಬಿದ್ದು ಒಂಬತ್ತನೆಯ ದಿನ ಮೇಲಿನ ಕಾಫಿ ತೋಟ ಬೆಳ್ಳಗೆ ಅರಳಿತ್ತು. ಪೂವಮ್ಮನವರು ಹೊಸ ಸೀರೆ ಉಟ್ಟು, ಹೂವು ನೋಡಲು ಹೊರಟು ಬಂಗಲೆಯ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕಾದಿದ್ದರು. ಗಾಡಿ ಅಲುಗಲಿಲ್ಲ. ಹಿಂದಿನ ದಿನ ನೀನು ಅದನ್ನು ತೋಡಿನ ನೀರಿನಲ್ಲಿ ದಾಟಿಸಿದ್ದು ಉತ್ತಯ್ಯನವರಿಗೆ ಗೊತ್ತಿತ್ತು. ನೀನು ನನ್ನ ಕಿವಿಯ ಹತ್ತಿರ ಬಂದು, "ಮೋಟಾರ್ ಸರಿ ಉಟ್ಟು ಅಣ್ಣಾ, ಸೀಟಿನ ಅಡಿ ವಯರ್ ಒಮ್ಮೆ ನೋಡ್" ಎಂದೆ. ಮೋಟಾರ್ ಸರಿ ಇದೆ ಎಂದು ನೀನು ಹೇಳಿದರೂ ನಾನು ಬ್ಯಾಟರಿಗೆ ಬಲ್ಬ್ ಹಿಡಿದು ಎಲ್ಲರಿಗೂ ಉರಿಸಿ ತೋರಿಸಿದೆ. ಬ್ಯಾಟರಿ ಸರಿ ಇದೆ, ನೀರಿಗಿಳಿಸಿದ್ದಕ್ಕೆ ಮೋಟಾರ್ ಸುಟ್ಟಿದೆ ಎಂದೆ. ನೀನು ಮತ್ತೆ ಬಾಯಿ ತೆರೆದಾಗ "ಸುಮ್ನಿರ್" ಎಂದು ಗದರಿದೆ. ಎಲ್ಲರ ಎದುರು ಉತ್ತಯ್ಯನವರು ನಿನಗೆ ಕೆಲಸ ಬಿಟ್ಟು ಹೋಗು ಎಂದರು. ನೀನು ನನ್ನ ಮುಖವನ್ನೇ ನೋಡಿದೆ. ನಾನು ಸ್ಪ್ಯಾನರ್ ಒರೆಸುತ್ತಾ ನಿಂತೆ.

ಹಲಗೆ ಯಾಕೆ ಎತ್ತಲಿಲ್ಲ ಗೊತ್ತೇ? ಅದರ ಹಿಂದಿನ ಮಳೆಗಾಲದಲ್ಲಿ ಬ್ಯಾಟರಿಗೆ ನೀರು ತುಂಬಿಸಿದವನು ನಾನು. ಅವಸರದಲ್ಲಿ ಹೆಚ್ಚು ಹಾಕಿ, ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಆ ವಯರಿನ ಬುಡಕ್ಕೆ ಇಳಿದಿತ್ತು. ಒರೆಸಿ ಮುಚ್ಚಿಟ್ಟಿದ್ದೆ. ನೀನು ಸೀಟಿನ ಅಡಿ ಎಂದಾಗಲೇ ನನಗೆ ಅದು ನೆನಪಾಗಿತ್ತು. ನೀನು ಹೋದ ಮೇಲೆ ಹೂವು ತೋರಿಸಲು ಪೂವಮ್ಮನವರನ್ನು ಕುರ್ಚಿ ಸಮೇತ ನಾಲ್ವರು ಹೊತ್ತರು. ನೋವು ತಡೆಯಲಾರದೆ ಗೇಟಿನ ಹತ್ತಿರವೇ "ಸಾಕು, ಇಳಿಸಿ" ಎಂದುಬಿಟ್ಟರು. ಹದಿನೈದು ದಿನಕ್ಕೆ ತೀರಿಕೊಂಡರು. ಈ ವರ್ಷದ ಹೂವನ್ನು ಅವರು ನೋಡಲಿಲ್ಲ.

ಕ್ಷಮಿಸು ಎಂದು ಬರೆಯಲು ಕೈ ಬರುವುದಿಲ್ಲ. ಕ್ಷಮಿಸದಿದ್ದರೂ ನಿನ್ನದು ತಪ್ಪಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಬೊಕ್ಕೆಗೆ ಹಚ್ಚಲು ಅವ್ವ ಎಣ್ಣೆ ಕಾಯಿಸಿದ್ದಾಳೆ, ಲಾರಿಯವನ ಕೈಯಲ್ಲಿ ಕಳಿಸುತ್ತೇನೆ. ಇಗ್ಗುತಪ್ಪ ದೇವರು ನಿನ್ನನ್ನು ಕಾಯಲಿ.

ನಿನ್ನ ಅಣ್ಣ,
ಸಾಂತಪ್ಪ

ವಿ.ಸೂ.: ಕಾಗದ ಅಂಟಿಸುವ ಮೊದಲು ಬಂಗಲೆಗೆ ಹೋಗಿ ಎಲ್ಲವನ್ನೂ ಹೇಳಿಬಂದೆ. ಉತ್ತಯ್ಯನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಮ್ಮ ಕೊನೆಯ ಮೂರು ದಿನ ಹೂವಿನ ಮಾತೇ ಎತ್ತಲಿಲ್ಲ ಸಾಂತಪ್ಪ. ಮೊಣ್ಣ ಯಾಕೆ ಬರ್ಲಿಲ್ಲ, ಮೊಣ್ಣ ಯಾಕೆ ಬರ್ಲಿಲ್ಲ ಅಂತ ಕೇಳ್ತಾ ಇದ್ರು" ಎಂದರು. ನಿನಗೆ ತಾವೇ ಬರೆಯುತ್ತಾರಂತೆ, ಎಂಜಿನ್ ಮನೆ ಕೆಲಸ ನಿನಗೇ. ನನಗೆ ಹೋಗು ಎನ್ನಲಿಲ್ಲ, ನಾನೇ ಬಿಟ್ಟೆ. ಸೋಮವಾರದಿಂದ ಕುಶಾಲನಗರದ ಮರದ ಮಿಲ್ಲಿಗೆ ಹೋಗುತ್ತೇನೆ. ಅವ್ವ, ಯಮುನ ಇಲ್ಲೇ ಇರುತ್ತಾರೆ. ಬಂದರೆ ನನ್ನ ಮುಖ ನೋಡಬೇಕಾಗಿಲ್ಲ. ಬಾ.