ನ್ಯೂಟ್ರಿನೊ ಹೆಂಡತಿ

ಊರಿಗೆಲ್ಲ ಭೌತವಿಜ್ಞಾನ ತಿಳಿಸಿಕೊಡುವ ನನ್ನ ಪತಿರಾಯರಿಗೆ,

ನಿಮ್ಮ ಕಳೆದ ಭಾಷಣಕ್ಕೆ ನಾನೂ ಬಂದಿದ್ದೆ. ಹಿಂದಿನ ಸಾಲಿನಲ್ಲಿದ್ದೆ, ನೀವು ನೋಡಲಿಲ್ಲ. "ಈ ನ್ಯೂಟ್ರಿನೊ ಅನ್ನೋ ಸೂಕ್ಷ್ಮ ಕಣ ಇದೆಯಲ್ಲ, ಥೇಟ್ ನಮ್ಮನೆಯವಳ ಥರ ಕಣ್ರೀ. ಗೋಡೆ, ಬಾಗಿಲು, ನನ್ನ ಮೈ, ಎಲ್ಲದರೊಳಗಿಂದ್ಲೂ ಹಾದು ಹೋಗುತ್ತೆ. ಇದೆ ಅಂತಾನೇ ಗೊತ್ತಾಗಲ್ಲ!" ಎಂದಿರಿ. ಸಭೆ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ಮೊಣಕೈಯಿಂದ ತಿವಿದು, "ಪಾಪ, ಆಯಮ್ಮ ಈ ಮನುಷ್ಯನ ಜೊತೆ ಹೇಗೆ ಏಗ್ತಾಳೋ," ಅಂದಳು. ನಾನೂ "ಹೌದಲ್ವಾ" ಅಂದೆ.

ಈಗ ಕೆಲಸದ ಮಾತು. ಕ್ರಿಕೆಟ್ ಚೆಂಡು ಯಾಕೆ ಸ್ವಿಂಗ್ ಆಗುತ್ತದೆಂದು ತೋರಿಸಲು ಅದರ ಒಂದು ಬದಿಯನ್ನು ನಡುಮನೆಯ ಪರದೆಗೆ ಉಜ್ಜಿ ಉಜ್ಜಿ ಹೊಳಪು ಬರಿಸಿದ್ದೀರಿ. ಆ ಕೆಂಪು ಕಲೆ ಹೋಗಿಲ್ಲ, ನೀವೇ ಒಗೆಯಿರಿ. ಸೋಪು ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ.

ನ್ಯೂಟ್ರಿನೊ ಹಿಡಿಯಲು ನೆಲದಾಳದಲ್ಲಿ ಕೆರೆಯಷ್ಟು ನೀರು ತುಂಬಿಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತಾರೆಂದೂ ಹೇಳಿದಿರಿ. ನೀವು ಅಷ್ಟೆಲ್ಲ ಒದ್ದಾಡಬೇಕಿಲ್ಲ, ನಾನು ಅಕ್ಕನ ಮನೆಯಲ್ಲಿದ್ದೇನೆ. ಕರೆಯಲು ಬರಬೇಡಿ.

ಈ ಮನೆಯಲ್ಲಿ ನೀವು ಗಮನವಿಟ್ಟು ಓದುವುದು ನಿಮ್ಮ ಭಾಷಣವನ್ನು ಮಾತ್ರ. ಅದಕ್ಕೇ ಇದನ್ನು ಅದರ ಹಾಳೆಗಳ ನಡುವೆ, ಆ ನ್ಯೂಟ್ರಿನೊ ಜೋಕು ಬರುವ ಜಾಗದಲ್ಲೇ ಇಟ್ಟು ಹೊರಟಿದ್ದೇನೆ. ಅಂದರೆ ನೀವೀಗ ವೇದಿಕೆಯ ಮೇಲಿದ್ದೀರಿ. ಸಭೆ ನಗಲು ಕಾಯುತ್ತಿದೆ. ಹೇಳಿ, ನಾನು ಮನೆ ಬಿಟ್ಟು ಎಷ್ಟು ದಿನವಾಯಿತು?

ಇತಿ,
ಇದ್ದಾಳೆಂದೇ ಗೊತ್ತಾಗದ ನಿಮ್ಮನೆಯವಳು