ಪರದೆಯಾಚೆ ಬರೆದ ಪಟ

ವಾಡೆ, ಇಂಗಳೇಶ್ವರ
ಕಾರ್ತಿಕ ಶುದ್ಧ ಪಂಚಮಿ, ೧೯೫೫

ಪ್ರೀತಿಯ ಅವ್ವಾ,

ನಿನ್ನ ಕಸ್ತೂರಿಯ ಶರಣು. ಮೊಣಕಾಲು ನೋವು ಹೇಗಿದೆ? ಹೊಳೆಯ ತಣ್ಣೀರಿಗೆ ಇಳಿಯಬೇಡವೆಂದರೆ ಕೇಳುವವಳಲ್ಲ ನೀನು. ಕಾಕಾರಿಗೂ ನನ್ನ ಶರಣು ಹೇಳು.

ಇಂಡಿಯಿಂದ ಇಬ್ರಾಹಿಂಸಾಬರೆಂಬ ಚಿತ್ರಗಾರರು ಬಂದು ನಮ್ಮಿಬ್ಬರ ದೊಡ್ಡ ಪಟ ಬರೆದರು. ಅದರಲ್ಲಿ ನಿನ್ನ ಅಳಿಯ ದೇಸಾಯರ ದೌಲತ್ತು ಏನಂತೀ! ಸೊಂಟಕ್ಕೆ ಕತ್ತಿ, ಕಾಲಡಿ ಹುಲಿಚರ್ಮ. ಬೆಕ್ಕು ಅಡ್ಡ ಬಂದರೂ ಬೆಚ್ಚುವ ಮನುಷ್ಯ! ಹಿಂದೊಂದು ಕೋಟೆ. ನಮ್ಮೂರಲ್ಲಿ ಕೋಟೆ ಎಲ್ಲಿದೆ ಎಂದು ತವರಿನಿಂದ ನನ್ನ ಜೊತೆ ಬಂದ ಸಿದ್ದಲಿಂಗವ್ವ ಕೇಳಿದರೆ, ಸಾಬರು “ದೇಸಗತಿ ಹೋಗೇತಿ, ಪಟದಾಗರೆ ಕೋಟಿ ಇರಲಿ ಬಿಡವ್ವಾ” ಅಂದರಂತೆ.

ಗೋಷೆಯ ಸೊಸೆಯ ಮುಖವನ್ನು ಪರಪುರುಷ ನೋಡಬಾರದೆಂದು ಅತ್ತೆಯವರು ನಡುವೆ ಪರದೆ ಕಟ್ಟಿಸಿದರು. ಸಿದ್ದಲಿಂಗವ್ವ ನನ್ನ ಮುಖ ಬಣ್ಣಿಸುವುದು, ಆಚೆ ಅವರು ಬರೆಯುವುದು. ಮುದುಕಿಗೆ ಈಗ ಕಣ್ಣು ಮಂಜು. “ಹುಬ್ಬು ಕೂಡ್ಯಾವ್ರಿ, ಗದ್ದದಾಗ ಸಣ್ಣ ಕುಣಿ ಐತ್ರಿ” ಎನ್ನುತ್ತ ಹೋದಳು. ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ಸೋಸಿ ಬರುತ್ತಿತ್ತು, ಎಣ್ಣೆಬಣ್ಣದ ವಾಸನೆಗೆ ಜೊಂಪು ಹತ್ತಿತು. ಯಾರೋ ಹಿಂದೆ ಕೂತು ನನ್ನ ತಲೆ ಬಾಚುತ್ತಿದ್ದ ಹಾಗಿತ್ತು. ನನ್ನ ಗದ್ದದಲ್ಲಿ ಕುಣಿ ಇಲ್ಲವೆನ್ನುವುದು ಆ ಮಂಪರಿನಲ್ಲಿ ಹೊಳೆಯಲೇ ಇಲ್ಲ.

ಪಟ ಪಡಸಾಲೆಯ ಗೋಡೆಗೇರಿದ ಮೇಲೆ ನೋಡಿದೆ. ಅಯ್ಯ ಶಿವನ, ಅದು ನೀನು! ಅಪ್ಪ ಇದ್ದಾಗಿನ ನೀನು; ಮುದುಕಿ ನನ್ನ ಬದಲು ನೆನಪಿನಲ್ಲಿದ್ದ ನಿನ್ನ ಮುಖವನ್ನೇ ಬಣ್ಣಿಸಿದ್ದಳು. ಕೊರಳಲ್ಲಿ ದೇಸಾಯರ ಮನೆತನದ ಮುತ್ತಿನ ಸರ, ಕೈಯಲ್ಲಿ ಕಮಲ. ಅಪ್ಪ ಹೋದಮೇಲೆ ಉಡಿಕಿಯ ಮರುಮದುವೆಯಾಗಿ ಕಾಕಾರ ಕೈಹಿಡಿದವಳೆಂದು ನಿನ್ನನ್ನು ನನ್ನ ಲಗ್ನಕ್ಕೂ ಬರಗೊಡಲಿಲ್ಲ, ಈ ಹೊಸ್ತಿಲು ತುಳಿಯಗೊಡಲಿಲ್ಲ. ನಿನ್ನ ಮುಖವನ್ನೇ ಕಾಣದ ಅತ್ತೆಯವರು ಈಗ ಬಂದವರಿಗೆಲ್ಲ “ಬಣ್ಣದವ ನಮ್ಮ ಸೊಸಿಗೆ ಎಂಥಾ ಕಳಾ ಏರಿಸ್ಯಾನ ನೋಡ್ರಿ” ಎಂದು ತೋರಿಸುತ್ತಾರೆ. ನನಗೆ ನಗುವೂ ಬರುತ್ತದೆ, ಅಳುವೂ ಬರುತ್ತದೆ. ಎಲ್ಲರೂ ಮಲಗಿದ ಮಧ್ಯಾಹ್ನ ಹೋಗಿ ನಿನ್ನೆದುರು ಕೂತಿರುತ್ತೇನೆ. ನೀನು ಏನೋ ಹೇಳುತ್ತಿರುವಂತೆ, ನಾನು ಹೂಂಗುಟ್ಟುತ್ತಿರುವಂತೆ ಅನಿಸುತ್ತದೆ.

ಜ್ವಾಕಿಯಿಂದಿರು. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಗಳು,
ಕಸ್ತೂರೆವ್ವ

ತಾ.ಕ.: ಟಪಾಲಿನವ ಅವಸರ ಮಾಡುತ್ತಿದ್ದಾನೆ. ನಿನ್ನೆ ಪಟದ ಮುಂದೆ ಕೂತಿದ್ದಾಗ ನಿನ್ನ ಅಳಿಯ ಬಂದುಬಿಟ್ಟರು. “ಇದು ನೀ ಅಲ್ಲ. ಯಾರಿವರು?” ಅಂದರು. ಸುಳ್ಳು ಬಾಯಿಗೆ ಬರಲಿಲ್ಲ. “ನಮ್ಮವ್ವರಿ” ಅಂದೆ. ಪಟ ಇಳಿಸಿಬಿಡುತ್ತಾರೆಂದುಕೊಂಡೆ. ಅವರು ಪಟದ ಹತ್ತಿರ ಹೋಗಿ ನೋಡಿ, “ಕುಬಸಕ್ಕ ಇವ್ರನ್ನ ಕರಸು. ನಮ್ಮವ್ವ ಏನರ ಅನ್ನಲಿ, ಬಾಗಲದಾಗ ನಾನ ನಿಂದರ್ತೇನಿ” ಅಂದರು. ಹೌದವ್ವಾ, ನನಗೀಗ ಐದು ತಿಂಗಳು, ಬಸುರಿಗೆ ಕುಬಸ ಮಾಡುವ ಹೊತ್ತು. ಹಸಿರು ಕುಬಸ ತಗೊಂಡು ಬಾ.